ದೀನ್‌ದಯಾಳ್ ಅವರ ಸ್ಟುಡಿಯೋ: ಒಂದು ಉದ್ಯೋಗ, ಒಂದು ಅಮಾನತ್

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಫೋಟೋಗ್ರಫಿಯನ್ನು ನಾವು ಕಲೆ ಎಂದು ಕರೆಯುತ್ತೇವೆ. ಅದು ಒಂದು ಉದ್ಯೋಗವೂ ಹೌದು. ಬಾಡಿಗೆ, ಸಂಬಳ, ಕಚ್ಚಾ ಸಾಮಗ್ರಿ, ಗ್ರಾಹಕರು, ಪೈಪೋಟಿ ಹೀಗೆ ಒಂದು ಕಿರಾಣಿ ಅಂಗಡಿಗೆ ಇರುವ ಚಿಂತೆಗಳೆಲ್ಲ ಫೋಟೋ ಸ್ಟುಡಿಯೋಗೂ ಇವೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಡಿಯವನು ಅಕ್ಕಿ ತೂಗಿ ಕೊಟ್ಟ ಮೇಲೆ ಗ್ರಾಹಕನದು ಎನ್ನುವಂಥದ್ದು ಏನೂ ಅವನ ಬಳಿ ಉಳಿಯುವುದಿಲ್ಲ. ಫೋಟೋಗ್ರಾಫರನ ಬಳಿ ಮಾತ್ರ ಗ್ರಾಹಕನ ಮುಖವೇ ಉಳಿಯುತ್ತದೆ. ಹಿಂದೆ ಅದು ಗಾಜಿನ ನೆಗೆಟಿವ್ ಆಗಿ ಉಳಿಯುತ್ತಿತ್ತು. ಇಂದು ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯ ಎಂಬುದನ್ನು ತಿಳಿಯಲು ಹೈದರಾಬಾದ್ ಸಂಸ್ಥಾನದಲ್ಲಿ ಕೆಲಸ ಮಾಡಿದ ರಾಜಾ ದೀನ್‌ದಯಾಳ್ ಅವರ ಜೀವನವನ್ನು ಅಭ್ಯಾಸ ಮಾಡೋಣ. ಇಂದಿನ ಬೀದರ್, ಕಲಬುರಗಿ, ರಾಯಚೂರು ಭಾಗಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು.

ಎಂಜಿನಿಯರಿಂಗ್‌ನಿಂದ ಕ್ಯಾಮೆರಾಕ್ಕೆ

ದೀನ್‌ದಯಾಳ್ ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾ ಎಂಬ ಊರಿನ ಜೈನ ಕುಟುಂಬದಲ್ಲಿ. ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು. ಅದೇ ಕಾಲೇಜು ಇಂದು ಐಐಟಿ ರೂರ್ಕಿ ಆಗಿದೆ. ಓದು ಮುಗಿಸಿ 1866ರಲ್ಲಿ ಇಂದೋರ್‌ನ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಕ್ಷೆ ಬರೆಯುವುದು, ಕಟ್ಟಡದ ಖರ್ಚಿನ ಅಂದಾಜು ಮಾಡುವುದು ಅವರ ಕೆಲಸ.

1870ರ ದಶಕದಲ್ಲಿ ಅವರು ಫೋಟೋ ತೆಗೆಯುವುದನ್ನು ಕಲಿತರು. ಇಂದೋರ್‌ನ ಮಹಾರಾಜರು ಮತ್ತು ಅಲ್ಲಿನ ಬ್ರಿಟಿಷ್ ಅಧಿಕಾರಿಗಳು ಪ್ರೋತ್ಸಾಹ ಕೊಟ್ಟರು. ಕೆಲವು ವರ್ಷ ಸರಕಾರಿ ನೌಕರಿ ಮತ್ತು ಕ್ಯಾಮೆರಾ ಎರಡೂ ಜೊತೆಜೊತೆಗೆ ನಡೆದವು. ಆಮೇಲೆ ನೌಕರಿ ಬಿಟ್ಟು ಪೂರ್ತಿಯಾಗಿ ಫೋಟೋಗ್ರಫಿಗೆ ಇಳಿದರು. ತಿಂಗಳ ಸಂಬಳ ಬಿಟ್ಟು ಸ್ವಂತ ಉದ್ಯೋಗಕ್ಕೆ ಬರುವುದು ಆ ಕಾಲದಲ್ಲೂ ಸಣ್ಣ ನಿರ್ಧಾರವಾಗಿರಲಿಲ್ಲ.

1880ರ ದಶಕದಲ್ಲಿ ಸಿಕಂದರಾಬಾದ್‌ನಲ್ಲಿ ಸ್ಟುಡಿಯೋ ಶುರುವಾಯಿತು. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನ್ ಅವರು ದೀನ್‌ದಯಾಳ್ ಅವರನ್ನು ಆಸ್ಥಾನದ ಫೋಟೋಗ್ರಾಫರ್ ಆಗಿ ಮಾಡಿಕೊಂಡರು. 1894ರಲ್ಲಿ 'ರಾಜಾ ಬಹಾದೂರ್ ಮುಸವ್ವಿರ್ ಜಂಗ್' ಎಂಬ ಬಿರುದನ್ನೂ ಕೊಟ್ಟರು. ಮನೆಯಲ್ಲಿ ಉರ್ದು ಮಾತಾಡುವ ನಮಗೆ ಈ ಬಿರುದಿನ ಅರ್ಥ ಸುಲಭ. ತಸ್ವೀರ್ ಎಂದರೆ ಚಿತ್ರ, ಅದನ್ನು ಮಾಡುವವನು ಮುಸವ್ವಿರ್. 'ಅಲ್ ಮುಸವ್ವಿರ್' ಎಂಬುದು ಅಲ್ಲಾಹನ ನಾಮಗಳಲ್ಲೂ ಒಂದು, ಅಲ್ಲಿ ಅದರ ಅರ್ಥ ರೂಪ ಕೊಡುವವನು. 'ಜಂಗ್' ಎಂದರೆ ಯುದ್ಧ. ನಿಜಾಮರ ಆಸ್ಥಾನದಲ್ಲಿ ಗಣ್ಯರ ಬಿರುದಿನ ಕೊನೆಗೆ ಇದನ್ನು ಸೇರಿಸುತ್ತಿದ್ದರು.

ಸ್ಟುಡಿಯೋದ ಒಂದು ದಿನ

ಆ ಕಾಲದ ಸ್ಟುಡಿಯೋಗಳಲ್ಲಿ ವಿದ್ಯುತ್ ದೀಪ ಇರಲಿಲ್ಲ. ಛಾವಣಿಯ ಒಂದು ಭಾಗ ಅಥವಾ ಒಂದು ಗೋಡೆಗೆ ಗಾಜು ಹಾಕಿಸುತ್ತಿದ್ದರು. ಪರದೆಗಳನ್ನು ಎಳೆದು, ಸರಿಸಿ ಬೆಳಕನ್ನು ಹದ ಮಾಡುತ್ತಿದ್ದರು. ಆದ್ದರಿಂದ ಗ್ರಾಹಕರು ಬಿಸಿಲಿರುವ ಹೊತ್ತಿಗೇ ಬರಬೇಕು. ಮೋಡ ಕವಿದರೆ ಕೆಲಸ ನಿಧಾನ.

ಗ್ರಾಹಕರು ಒಳ್ಳೆಯ ಬಟ್ಟೆ, ಒಡವೆ ಹಾಕಿಕೊಂಡು ಬರುತ್ತಿದ್ದರು. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಕುರ್ಚಿ, ಮೇಜು, ಹೂದಾನಿ. ಬೆಳಕು ಪ್ಲೇಟಿನ ಮೇಲೆ ಬೀಳುವವರೆಗೆ ಅಲುಗಾಡುವಂತಿಲ್ಲ. ತಲೆ ಅಲ್ಲಾಡದಿರಲೆಂದು ಕತ್ತಿನ ಹಿಂದೆ ಕಾಣದ ಹಾಗೆ ಕಬ್ಬಿಣದ ಸ್ಟ್ಯಾಂಡ್ ಇಡುತ್ತಿದ್ದುದೂ ಉಂಟು. ಹಳೆಯ ಫೋಟೋಗಳಲ್ಲಿ ಜನ ಗಂಭೀರವಾಗಿ ಕಾಣಲು ಇದೂ ಒಂದು ಕಾರಣ. ಕೆಲವು ಸೆಕೆಂಡು ಒಂದೇ ನಗುವನ್ನು ಹಿಡಿದಿಡುವುದು ಕಷ್ಟ.

ಫೋಟೋ ತೆಗೆದ ಮೇಲೆ ನಿಜವಾದ ದುಡಿಮೆ ಆರಂಭ. ಅದರ ಹಂತಗಳು ಹೀಗಿದ್ದವು:

1. ಕತ್ತಲೆ ಕೋಣೆಯಲ್ಲಿ ಗಾಜಿನ ಪ್ಲೇಟನ್ನು ರಾಸಾಯನಿಕದಲ್ಲಿ ತೊಳೆದು ನೆಗೆಟಿವ್ ಮಾಡುವುದು.
2. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ಮುಖದ ಕಲೆ, ಸುಕ್ಕುಗಳನ್ನು ತಿದ್ದುವುದು. ಇಂದಿನ ಫಿಲ್ಟರ್‌ಗಳ ಕೆಲಸವನ್ನು ಆಗ ಕೈ ಮಾಡುತ್ತಿತ್ತು.
3. ನೆಗೆಟಿವ್ ಕೆಳಗೆ ಕಾಗದ ಇಟ್ಟು ಬಿಸಿಲಿನಲ್ಲಿ ಪ್ರಿಂಟ್ ಮಾಡುವುದು. ಈ ಕಾಗದಕ್ಕೆ ಮೊಟ್ಟೆಯ ಬಿಳಿಯ ಲೇಪನ ಇರುತ್ತಿತ್ತು. ಅದರ ಮೇಲೆ ಬೆಳ್ಳಿಯ ಲವಣ.
4. ಪ್ರಿಂಟ್ ಬೇಗ ಮಾಸದಿರಲು ಮತ್ತು ಬಣ್ಣ ಚೆನ್ನಾಗಿ ಬರಲು ಚಿನ್ನದ ಲವಣದ ದ್ರಾವಣದಲ್ಲಿ ಅದ್ದುವುದು.
5. ಹೈಪೋದಲ್ಲಿ ಹಾಕಿ, ತೊಳೆದು, ಒಣಗಿಸಿ ದಪ್ಪ ರಟ್ಟಿಗೆ ಅಂಟಿಸುವುದು.

ಹೀಗೆ ಪ್ರಿಂಟ್ ಮಾಡಿದಾಗ ಫೋಟೋ ನೆಗೆಟಿವ್‌ನಷ್ಟೇ ಅಳತೆಯಲ್ಲಿ ಬರುತ್ತದೆ. ದೊಡ್ಡ ಫೋಟೋ ಬೇಕಿದ್ದರೆ ದೊಡ್ಡ ಗಾಜು ಬೇಕು, ದೊಡ್ಡ ಗಾಜಿಗೆ ದೊಡ್ಡ ಕ್ಯಾಮೆರಾ ಬೇಕು. ಬೆಳ್ಳಿ, ಚಿನ್ನ, ಗಾಜು ಇವೇ ಕಚ್ಚಾ ಸಾಮಗ್ರಿಗಳು ಎಂದರೆ ಉತ್ಪಾದನಾ ವೆಚ್ಚ ಎಷ್ಟು ಭಾರವಾಗಿತ್ತೆಂದು ಊಹಿಸಬಹುದು. ಒಂದು ಪ್ಲೇಟ್ ಹಾಳಾದರೂ ಅದು ನೇರ ನಷ್ಟ.

ಗಾಜು ಹೊತ್ತು ಪ್ರಯಾಣ

ದೀನ್‌ದಯಾಳ್ ಸ್ಟುಡಿಯೋದಲ್ಲೇ ಕೂತವರಲ್ಲ. 1882ರಲ್ಲಿ ಸರ್ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಬುಂದೇಲಖಂಡದ ಪ್ರವಾಸ ಮಾಡಿ ಕೋಟೆ, ದೇವಾಲಯಗಳ ಚಿತ್ರ ತೆಗೆದರು. ವೈಸ್‌ರಾಯ್‌ಗಳು, ರಾಜರು, ಸೈನ್ಯದ ಶಿಬಿರಗಳು, ಬೇಟೆಯ ಪ್ರವಾಸಗಳು ಎಲ್ಲ ಕಡೆ ಅವರ ಕ್ಯಾಮೆರಾ ಹೋಯಿತು. ನಿಜಾಮರ ಸಂಸ್ಥಾನದಲ್ಲಿ ಬರಗಾಲ ಬಂದಾಗ ನಡೆದ ಪರಿಹಾರ ಕಾಮಗಾರಿಗಳನ್ನೂ ಅವರ ಸಂಸ್ಥೆ ಚಿತ್ರಿಸಿತು. 1903ರ ದೆಹಲಿ ದರ್ಬಾರಿಗೂ ಅವರು ಹೋಗಿದ್ದರು.

ಈ ಪ್ರಯಾಣದ ಭಾರವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. 10 ಇಂಚು ಅಗಲ, 12 ಇಂಚು ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಹಾಳೆ ಸುಮಾರು 390 ಗ್ರಾಂ ತೂಗುತ್ತದೆ. ಐವತ್ತು ಫೋಟೋ ತೆಗೆಯಬೇಕಾದರೆ ಗಾಜು ಒಂದೇ 19 ಕಿಲೋಗಿಂತ ಹೆಚ್ಚು. ಅದರ ಮೇಲೆ ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡ್, ರಾಸಾಯನಿಕದ ಬಾಟಲಿಗಳು. ಹಳೆಯ ವೆಟ್ ಪ್ಲೇಟ್ ವಿಧಾನದಲ್ಲಿ ಫೋಟೋ ತೆಗೆಯುವ ಮುಂಚೆ ಸ್ಥಳದಲ್ಲೇ ಗಾಜಿಗೆ ಲೇಪನ ಹಚ್ಚಿ, ಅದು ಒಣಗುವ ಮೊದಲೇ ತೊಳೆಯಬೇಕಿತ್ತು. ಅದಕ್ಕೊಂದು ಕತ್ತಲೆ ಡೇರೆಯೂ ಬೇಕು. 1880ರ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಡ್ರೈ ಪ್ಲೇಟ್‌ಗಳು ಸಿಗತೊಡಗಿದ ಮೇಲೆ ಈ ಕಷ್ಟ ಕಡಿಮೆಯಾಯಿತು.

ರೈಲು ಕೂಡ ಈ ಉದ್ಯೋಗಕ್ಕೆ ದಾರಿ ಮಾಡಿತು. ನಿಜಾಮರ ರೈಲು ಮಾರ್ಗ 1874ರಲ್ಲಿ ಸಿಕಂದರಾಬಾದನ್ನು ವಾಡಿಗೆ ಜೋಡಿಸಿತು. ವಾಡಿಯಿಂದ ಕಲಬುರಗಿ, ಸೊಲ್ಲಾಪುರದ ಮೂಲಕ ಮುಂಬೈ ತಲುಪಬಹುದಿತ್ತು. 1896ರಲ್ಲಿ ದೀನ್‌ದಯಾಳ್ ಮುಂಬೈಯಲ್ಲೂ ಸ್ಟುಡಿಯೋ ತೆರೆದಾಗ ಎರಡು ಶಾಖೆಗಳ ನಡುವಿನ ಮುಖ್ಯ ರೈಲು ದಾರಿ ಇಂದಿನ ಕಲಬುರಗಿ ಜಿಲ್ಲೆಯ ಮೂಲಕವೇ ಇತ್ತು.

ಜನಾನಾ ಸ್ಟುಡಿಯೋ

ಈ ಲೇಖನದ ಮುಖ್ಯ ಭಾಗ ಇದು. ಹೈದರಾಬಾದಿನ ದೊಡ್ಡ ಮನೆತನಗಳ ಹೆಂಗಸರು ಪರ್ದಾ ಪಾಲಿಸುತ್ತಿದ್ದರು. ಹೊರಗಿನ ಗಂಡಸಿನ ಎದುರು ಕೂತು ಫೋಟೋ ತೆಗೆಸಿಕೊಳ್ಳುವುದು ಅವರಿಗೆ ಆಗದ ಮಾತು. ಹಾಗಾದರೆ ಅವರಿಗೆ ಫೋಟೋ ಬೇಡವಾಗಿತ್ತೇ? ಬೇಕಾಗಿತ್ತು ಎಂಬುದಕ್ಕೆ 1892ರಲ್ಲಿ ನಡೆದ ಘಟನೆಯೇ ಸಾಕ್ಷಿ. ಆ ವರ್ಷ ದೀನ್‌ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಪ್ರತ್ಯೇಕ 'ಜನಾನಾ ಸ್ಟುಡಿಯೋ' ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶ ಇಲ್ಲ. ಶ್ರೀಮತಿ ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಏನು? ದೀನ್‌ದಯಾಳ್ ತಮ್ಮ ಗ್ರಾಹಕರಿಗೆ "ನಿಮ್ಮ ನಿಯಮ ಬಿಡಿ, ಕಾಲ ಬದಲಾಗಿದೆ" ಎಂದು ಉಪದೇಶ ಮಾಡಲಿಲ್ಲ. ತಮ್ಮ ಸ್ಟುಡಿಯೋವನ್ನೇ ಬದಲಾಯಿಸಿದರು. ಅವರು ಜೈನರು, ಉಸ್ತುವಾರಿ ನೋಡಿದವರು ಇಂಗ್ಲಿಷ್ ಮಹಿಳೆ, ಬಂದವರು ಪರ್ದಾ ಪಾಲಿಸುವ ಮನೆತನಗಳ ಹೆಂಗಸರು. ಧರ್ಮ, ಭಾಷೆ ಬೇರೆ ಇದ್ದರೂ ನಂಬಿಕೆ ಹುಟ್ಟಿತು. ಏಕೆಂದರೆ ಷರತ್ತನ್ನು ಹಾಕಿದ್ದು ಫೋಟೋದಲ್ಲಿ ಇರುವವರು, ತೆಗೆಯುವವರಲ್ಲ.

ಇನ್ನೊಂದು ಅಂಶವೂ ಇದೆ. ಮೇಲೆ ಹೇಳಿದ ಐದು ಹಂತಗಳನ್ನು ಮತ್ತೊಮ್ಮೆ ನೋಡಿ. ಒಂದು ಫೋಟೋ ಗ್ರಾಹಕರ ಕೈ ಸೇರುವ ಮೊದಲು ಎಷ್ಟು ಕೈಗಳನ್ನು ದಾಟುತ್ತದೆ! ಒಂದೇ ಒಂದು ಪ್ರಿಂಟ್ ಹೆಚ್ಚಾಗಿ ಹೊರಗೆ ಹೋದರೂ ಸ್ಟುಡಿಯೋದ ಹೆಸರು ಮುಗಿದಂತೆ. ಎತ್ತರದ ಗೋಡೆ ಕಟ್ಟಿಸಲು ಹಣ ಇದ್ದರೆ ಸಾಕು. ಗೋಡೆಯ ಒಳಗಿನ ಪ್ರತಿಯೊಂದು ಕೈಯೂ ನಂಬಿಕೆಗೆ ಯೋಗ್ಯವಾಗಿರುವಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಏನೆನ್ನುತ್ತಾರೆ?

ನಮ್ಮ ಪಾಠದಲ್ಲಿ ಗುಡ್‌ವಿಲ್ ಎಂಬ ಮಾತು ಬರುತ್ತದೆ. ಕಣ್ಣಿಗೆ ಕಾಣದ, ಆದರೆ ಲಾಭ ತರುವ ಆಸ್ತಿ ಅದು. ಕ್ಯಾಮೆರಾ, ಕಟ್ಟಡ, ಕುರ್ಚಿ, ಮೇಜುಗಳಿಗೆ ಸವಕಳಿ ಹಾಕುತ್ತೇವೆ. ವರ್ಷ ಕಳೆದಂತೆ ಅವುಗಳ ಬೆಲೆ ಇಳಿಯುತ್ತದೆ. ನಂಬಿಕೆ ಹಾಗಲ್ಲ, ಸರಿಯಾಗಿ ಉಳಿಸಿಕೊಂಡರೆ ವರ್ಷ ವರ್ಷವೂ ಬೆಳೆಯುತ್ತದೆ. ಇನ್ನೊಂದು ವಿಶೇಷವೆಂದರೆ, ಹಣ ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ತಾನೇ ದುಡಿದು ಬೆಳೆಸಿದ ಗುಡ್‌ವಿಲ್ ಪುಸ್ತಕದಲ್ಲಿ ಕಾಣುವುದಿಲ್ಲ. ದೀನ್‌ದಯಾಳ್ ಅವರ ಅತಿ ದೊಡ್ಡ ಆಸ್ತಿ ಇಂಥದ್ದೇ.

ಮಕ್ಕಳಾದ ಜ್ಞಾನ್‌ಚಂದ್ ಮತ್ತು ಧರಮ್‌ಚಂದ್ ಕೂಡ ಇದೇ ಉದ್ಯೋಗಕ್ಕೆ ಬಂದರು. ಸಂಸ್ಥೆಗೆ 'ರಾಜಾ ದೀನ್‌ದಯಾಳ್ ಅಂಡ್ ಸನ್ಸ್' ಎಂಬ ಹೆಸರಾಯಿತು. ಸಂಸ್ಥೆಯ ಹೆಸರಿನಲ್ಲಿರುವ ಚಿತ್ರಗಳನ್ನೆಲ್ಲ ಅವರೊಬ್ಬರೇ ತೆಗೆದದ್ದಲ್ಲ. ಸಂಬಳಕ್ಕೆ ದುಡಿದ ಫೋಟೋಗ್ರಾಫರರು, ತಿದ್ದುವವರು, ಪ್ರಿಂಟ್ ಮಾಡುವವರು ಬಹಳ ಮಂದಿ ಇದ್ದರು. ಅವರ ಹೆಸರು ಚಿತ್ರದ ಮೇಲೆ ಇರುವುದಿಲ್ಲ. 1904ರಲ್ಲಿ ಧರಮ್‌ಚಂದ್, 1905ರಲ್ಲಿ ದೀನ್‌ದಯಾಳ್ ತೀರಿಕೊಂಡರು. ಸಂಸ್ಥೆಗೆ ಮತ್ತೆ ಆ ಹಳೆಯ ವೈಭವ ಬರಲಿಲ್ಲ. ಆದರೆ ನಂಬರ್ ಹಾಕಿ ಇಟ್ಟಿದ್ದ ಗಾಜುಗಳು ಉಳಿದವು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಇಂಥ 2,857 ನೆಗೆಟಿವ್‌ಗಳನ್ನು ಪಡೆದುಕೊಂಡಿತು.

ಅಮಾನತ್ ಮತ್ತು ನಮ್ಮ ಮೊಬೈಲ್

ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟ ವಸ್ತುವಿಗೆ ಅಮಾನತ್ ಎನ್ನುತ್ತೇವೆ. ಪ್ರವಾದಿ ಮುಹಮ್ಮದ್ (ಸ) ಅವರು ವ್ಯಾಪಾರ ಮಾಡುತ್ತಿದ್ದ ಕಾಲದಲ್ಲೇ ಮಕ್ಕಾದ ಜನ ಅವರನ್ನು 'ಅಲ್ ಅಮೀನ್', ಅಂದರೆ ನಂಬಿಕಸ್ಥ ಎಂದು ಕರೆಯುತ್ತಿದ್ದರು. ಅಮಾನತ್ ಎಂದರೆ ಹಣ, ಒಡವೆ ಮಾತ್ರವಲ್ಲ. ಒಬ್ಬರ ಮುಖವೂ ಅಮಾನತ್ ಆಗಬಹುದು.

ದೀನ್‌ದಯಾಳ್ ಅವರ ಕಾಲದಲ್ಲಿ ಫೋಟೋಗ್ರಾಫರ್ ಎಂಬವನು ಊರಿಗೆ ಒಬ್ಬನೋ ಇಬ್ಬರೋ. ಅವನ ಸ್ಟುಡಿಯೋ ಎಲ್ಲಿದೆ ಎಂದು ಗೊತ್ತಿತ್ತು, ತಪ್ಪಾದರೆ ಹೋಗಿ ಕೇಳಬಹುದಿತ್ತು. ಇಂದು ಕಾಲೇಜಿನ ಕಾರ್ಯಕ್ರಮವಿರಲಿ, ಮದುವೆಯಿರಲಿ, ನೂರು ಮಂದಿಯ ಕೈಯಲ್ಲಿ ಕ್ಯಾಮೆರಾ ಇದೆ. ಅಡ್ಡದಲ್ಲಿ ಕೂತವರ ಫೋಟೋ ಐದು ನಿಮಿಷದಲ್ಲಿ ಯಾವುದೋ ಗ್ರೂಪಿನಲ್ಲಿರುತ್ತದೆ, ಯಾರದೋ ಸ್ಟೇಟಸ್‌ನಲ್ಲಿರುತ್ತದೆ. ಗಾಜನ್ನು ಒಡೆದು ಹಾಕಬಹುದಿತ್ತು. ಹಂಚಿಹೋದ ಫೋಟೋವನ್ನು ವಾಪಸ್ ತರಲಾಗದು. ಇದರ ಬೆಲೆಯನ್ನು ತೆಗೆದವರಿಗಿಂತ ಫೋಟೋದಲ್ಲಿ ಇರುವವರೇ ತೆರಬೇಕಾಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಅದು ಮನೆಯ ಬೈಗುಳದಿಂದ ಹಿಡಿದು ಓದು ನಿಲ್ಲುವವರೆಗೂ ಹೋಗಬಹುದು.

ಫೋಟೋ ಬೇಡ ಎನ್ನುವವರನ್ನು ಹಳೇ ಕಾಲದವರು ಎಂದು ನಗುವುದು ಸುಲಭ. ಫೋಟೋ ತೆಗೆಸಿಕೊಂಡವರನ್ನು ಕೆಟ್ಟವರು ಎನ್ನುವುದೂ ಅಷ್ಟೇ ಸುಲಭ. ಜನಾನಾ ಸ್ಟುಡಿಯೋದ ಪಾಠ ಈ ಎರಡೂ ಅಲ್ಲ. ಅಲ್ಲಿಗೆ ಬಂದ ಹೆಂಗಸರಿಗೆ ತಮ್ಮ ಚಿತ್ರ ಬೇಕಿತ್ತು, ತಮ್ಮ ಷರತ್ತಿನ ಮೇಲೆ ಬೇಕಿತ್ತು. ಅವರ ಷರತ್ತಿಗೆ ಬೆಲೆ ಕೊಟ್ಟ ವ್ಯಾಪಾರಿಯೂ ಗೆದ್ದ.

ನಮ್ಮ ಕಾಲೇಜಿನಲ್ಲಿ ಇದನ್ನು ಪಾಲಿಸಲು ಹಣ ಬೇಕಾಗಿಲ್ಲ. ತೆಗೆಯುವ ಮೊದಲು ಕೇಳುವುದು, ಹಂಚುವ ಮೊದಲು ಇನ್ನೊಮ್ಮೆ ಕೇಳುವುದು, ಅಳಿಸು ಎಂದರೆ ಕಾರಣ ಕೇಳದೆ ಅಳಿಸುವುದು, ಈ ಮೂರು ಅಭ್ಯಾಸ ಸಾಕು. ತೆಗೆಯಲು ಕೊಟ್ಟ ಒಪ್ಪಿಗೆ ಹಂಚಲು ಕೊಟ್ಟ ಒಪ್ಪಿಗೆಯಲ್ಲ ಎಂಬುದು ನೆನಪಿರಲಿ. ವಾರ್ಷಿಕೋತ್ಸವದ ಫೋಟೋಗಳಿಗೂ ಇದೇ ನಿಯಮ ಇದ್ದರೆ ಕ್ಯಾಮೆರಾ ಕಂಡಾಗ ಎದ್ದು ಹೋಗುವ ನಮ್ಮ ಎಷ್ಟೋ ಗೆಳತಿಯರು ಧೈರ್ಯವಾಗಿ ಮುಂದಿನ ಸಾಲಿನಲ್ಲಿ ಕೂರಬಹುದು.

ಚರ್ಚೆಗೆ ಪ್ರಶ್ನೆಗಳು

1. 1890ರ ದಶಕದ ಒಂದು ಫೋಟೋ ಸ್ಟುಡಿಯೋದ ಕಚ್ಚಾ ಸಾಮಗ್ರಿ, ಸ್ಥಿರ ಆಸ್ತಿ ಮತ್ತು ಅಮೂರ್ತ ಆಸ್ತಿಗಳನ್ನು ಪಟ್ಟಿ ಮಾಡಿ.
2. ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆಯುವುದರಿಂದ ಖರ್ಚು ಹೆಚ್ಚುತ್ತದೆ. ಆದರೂ ಅದು ಒಳ್ಳೆಯ ವ್ಯಾಪಾರ ನಿರ್ಧಾರ ಏಕೆ?
3. ಸಂಸ್ಥೆಯ ಹೆಸರಿನಲ್ಲಿ ಬರುವ ಚಿತ್ರದಲ್ಲಿ ಅದನ್ನು ತೆಗೆದ ನೌಕರನ ಹೆಸರೂ ಇರಬೇಕೇ?
4. ನಿಮ್ಮ ಮೊಬೈಲಿನಲ್ಲಿ ಇತರರ ಎಷ್ಟು ಫೋಟೋಗಳಿವೆ? ಅವುಗಳಲ್ಲಿ ಕೇಳಿ ತೆಗೆದವು ಎಷ್ಟು?