ಮೈಕಟ್ಟು ತಿಳಿದು ಬಟ್ಟೆ ತೊಡೋಣ: ಅಳತೆ ಟೇಪಿನ ಪಾಠ



ಸಂಘದ ಸಭೆ ಮುಗಿದು ಉಳಿತಾಯದ ಪುಸ್ತಕ ಮಡಚಿದ ಮೇಲೆ ಮಾತು ಬಟ್ಟೆಬರೆಯ ಕಡೆ ತಿರುಗುವುದು ಹೊಸತೇನಲ್ಲ. "ನನಗೆ ಯಾವ ಚೂಡಿದಾರವೂ ಒಪ್ಪೋದಿಲ್ಲ ಸಿಸ್ಟರ್, ನನ್ನ ಮೈಯೇ ಸರಿ ಇಲ್ಲ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಸರಿ ಇಲ್ಲದಿರುವುದು ಮೈ ಅಲ್ಲ, ಬಟ್ಟೆಯ ಅಳತೆ. ಅಳತೆ ತೆಗೆಯುವುದು ಹೇಗೆ, ಆ ಅಂಕಿಗಳಿಂದ ಮೈಕಟ್ಟು ಗುರುತಿಸುವುದು ಹೇಗೆ, ಅದಕ್ಕೆ ತಕ್ಕಂತೆ ಉಡುವುದು, ಹೊಲಿಯುವುದು ಹೇಗೆ ಎಂದು ಈ ಪಾಠದಲ್ಲಿ ಕಲಿಯೋಣ. ಹೊಲಿಗೆ ಮಾಡುವ ಸದಸ್ಯೆಯರಿಗೆ ಇದು ಹೊಟ್ಟೆಪಾಡಿನ ವಿಷಯ. ಉಳಿದವರಿಗೂ ಇದರಲ್ಲಿ ದುಡ್ಡು ಉಳಿಯುತ್ತದೆ, ಆರೋಗ್ಯದ ಒಂದು ಮುಖ್ಯ ಸುಳಿವೂ ಸಿಗುತ್ತದೆ.

ಅಳತೆ ಬ್ಲೌಸಿನ ಕಥೆ

ಬ್ಲೌಸ್ ಹೊಲಿಸಲು ಹೋದರೆ ಟೈಲರ್ ಕೇಳುವ ಮೊದಲ ಮಾತು, "ಅಳತೆ ಬ್ಲೌಸ್ ತಂದಿದ್ದೀರಾ?" ನಾವು ಕಪಾಟಿನಿಂದ ಒಂದು ಹಳೇ ಬ್ಲೌಸ್ ತೆಗೆದು ಕೊಡುತ್ತೇವೆ. ಅದು ಹೊಲಿಸಿದ್ದು ಯಾವಾಗ? ಎರಡನೇ ಹೆರಿಗೆಗೂ ಮೊದಲು! ಆಮೇಲೆ ಮಗು ಹಾಲು ಕುಡಿದಾಯಿತು, ಮೈ ತುಂಬಿಕೊಂಡಿತು, ಕೆಲವರಿಗೆ ಮುಟ್ಟು ನಿಲ್ಲುವ ವಯಸ್ಸೂ ಬಂತು. ಬ್ಲೌಸ್ ಮಾತ್ರ ಹಳೇ ಲೆಕ್ಕವನ್ನೇ ಹೇಳುತ್ತಿದೆ. ಆ ಬ್ಲೌಸಿನಲ್ಲಿ ಮೊದಲೇ ಒಂದು ತಪ್ಪಿದ್ದರೆ, ಹೊಸ ಬ್ಲೌಸಿಗೂ ಅದೇ ತಪ್ಪು ಬರುತ್ತದೆ.

ಈ ಪದ್ಧತಿ ಬೆಳೆದು ಬಂದದ್ದಕ್ಕೆ ಕಾರಣ ನಮಗೆಲ್ಲ ಗೊತ್ತು. ಗಂಡಸು ಟೈಲರ್ ಎದುರು ನಿಂತು ಎದೆಯ ಅಳತೆ ಕೊಡಲು ಸಂಕೋಚ. ಸಂಘದ ಹೊಲಿಗೆಯವರಿಗೆ ಅನುಕೂಲ ಇರುವುದೇ ಇಲ್ಲಿ. ಒಂದು ಪರದೆ, ಒಂದು ಟೇಪು, ಒಂದು ನೋಟ್‌ಬುಕ್ ಇದ್ದರೆ ನೀವು ಮೈಮೇಲೆ ಅಳತೆ ತೆಗೆಯಬಹುದು. ಸರಿಯಾಗಿ ಕೂರುವ ಬ್ಲೌಸ್ ಒಮ್ಮೆ ಸಿಕ್ಕಿದ ಗಿರಾಕಿ ಬೇರೆ ಅಂಗಡಿ ಹುಡುಕುವುದಿಲ್ಲ.

ಅಳತೆ ತೆಗೆಯುವ ಕ್ರಮ

ಮೊದಲು ನಿಮ್ಮ ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಹಳೇ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ. ತೆಳು ಬಟ್ಟೆಯ ಮೇಲೆ, ದಿನವೂ ಹಾಕುವ ಒಳ ಉಡುಪಿನ ಮೇಲೆಯೇ ಅಳೆಯಬೇಕು. ನೇರ ನಿಂತು ಸಹಜವಾಗಿ ಉಸಿರಾಡಲಿ. ಟೇಪು ಕಂಡ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ, ಹಾಗೆ ಮಾಡಿದರೆ ಮೋಸ ಹೋಗುವವರು ನಾವೇ.

ಎದೆಯ ಸುತ್ತಳತೆಯನ್ನು ಅತಿ ತುಂಬಿದ ಜಾಗದಲ್ಲಿ ತೆಗೆಯಿರಿ, ಬೆನ್ನ ಹಿಂದೆ ಟೇಪು ಕೆಳಗೆ ಜಾರದಂತೆ ನೋಡಿಕೊಳ್ಳಿ. ಸೊಂಟ ಎಲ್ಲಿದೆ ಎಂದು ತಿಳಿಯದಿದ್ದರೆ ಒಂದು ದಾರ ಕಟ್ಟಿ ಅಕ್ಕಪಕ್ಕ ಬಾಗಲು ಹೇಳಿ, ದಾರ ಹೋಗಿ ಕೂರುವ ಜಾಗವೇ ಸೊಂಟ. ಟೈಲರ್‌ಗಳು 'ಸೀಟ್' ಎನ್ನುವ ಹಿಪ್ ಅಳತೆಯನ್ನು ಸೊಂಟದಿಂದ ಸುಮಾರು 7ರಿಂದ 9 ಇಂಚು ಕೆಳಗೆ, ಅತಿ ಅಗಲವಾದ ಕಡೆ ತೆಗೆಯಬೇಕು. ಭುಜವನ್ನು ಬೆನ್ನ ಕಡೆಯಿಂದ, ಮೂಳೆಯಿಂದ ಮೂಳೆಗೆ ಅಳೆಯಿರಿ. ಎರಡೂ ಭುಜ ಎಲ್ಲರಿಗೂ ಸಮ ಇರುವುದಿಲ್ಲ, ಅದನ್ನೂ ಗಮನಿಸಿ ಬರೆದುಕೊಳ್ಳಿ.

ಹೊಲಿಗೆಯವರು ಇನ್ನೊಂದು ಅಳತೆಯನ್ನು ಬಿಡಲೇಬಾರದು: ಕಂಕುಳಿನ ಕೆಳಗೆ, ಎದೆಯ ಮೇಲ್ಭಾಗದ ಸುತ್ತಳತೆ. ಇಬ್ಬರಿಗೂ ಎದೆ 36 ಇಂಚು ಎಂದಿಟ್ಟುಕೊಳ್ಳಿ. ಒಬ್ಬಳಿಗೆ ಮೇಲೆ 35 ಇದೆ, ಅವಳದು ಅಗಲ ಬೆನ್ನು. ಇನ್ನೊಬ್ಬಳಿಗೆ ಮೇಲೆ 32 ಇದೆ, ಅವಳದು ಸಣ್ಣ ಬೆನ್ನು, ತುಂಬಿದ ಎದೆ. ಇಬ್ಬರಿಗೂ ಒಂದೇ 36ರ ಕಟಿಂಗ್ ಹಾಕಿದರೆ ಎರಡನೆಯವಳಿಗೆ ಭುಜ ಜಾರುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ. ಮೇಲಿನ ಅಳತೆಗೂ ಎದೆಗೂ 2 ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಭುಜ, ಕಂಕುಳನ್ನು ಮೇಲಿನ ಅಳತೆಗೆ ಕತ್ತರಿಸಿ, ಎದೆಗೆ ಬೇಕಾದ ಜಾಗವನ್ನು ಆಳವಾದ ಡಾಟ್‌ನಿಂದ ಅಥವಾ ಕಟೋರಿ ಕಟಿಂಗ್‌ನಿಂದ ಕೊಡಿ. ಬದಿಯ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಟ್ಟರೆ ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು.

ಅಂಕಿಯಿಂದ ಆಕಾರ

ಈಗ ಎದೆ, ಸೊಂಟ, ಹಿಪ್ ಮೂರು ಅಂಕಿ ಕೈಯಲ್ಲಿವೆ. ಮೈಕಟ್ಟು ಎಂದರೆ ದಪ್ಪ ಅಥವಾ ಸಣ್ಣ ಎಂದಲ್ಲ, ಈ ಮೂರರ ನಡುವಿನ ವ್ಯತ್ಯಾಸ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಇದಕ್ಕೊಂದು ಲೆಕ್ಕ ಮಾಡಿ 2004ರಲ್ಲಿ ಪ್ರಕಟಿಸಿದರು. ಅದನ್ನು ನಮ್ಮ ಅನುಕೂಲಕ್ಕೆ ಸರಳ ಮಾಡಿಕೊಳ್ಳೋಣ. ಆಕಾರಗಳ ಹೆಸರೂ ನಮ್ಮದೇ ಇರಲಿ.

ಹಿಪ್ ಅಳತೆ ಎದೆಗಿಂತ ಮೂರೂವರೆ ಇಂಚು ಅಥವಾ ಇನ್ನೂ ಹೆಚ್ಚಿದ್ದರೆ ಅದು ಹೂಜಿಯ ಆಕಾರ. ಎದೆ 34, ಸೊಂಟ 31, ಹಿಪ್ 39 ಇದ್ದವರು ಹೀಗೆ. ತಿರುವುಮುರುವಾಗಿ ಎದೆಯೇ ಹಿಪ್‌ಗಿಂತ ಮೂರೂವರೆ ಇಂಚು ಹೆಚ್ಚಿದ್ದರೆ ಬುಗುರಿಯ ಆಕಾರ, 40-34-36 ಇದ್ದಂತೆ. ಎದೆ ಮತ್ತು ಹಿಪ್ ಹೆಚ್ಚುಕಡಿಮೆ ಸಮ ಇದ್ದರೆ ಸೊಂಟವನ್ನು ನೋಡಿ. ಸೊಂಟ ಎದೆಗಿಂತ 9 ಇಂಚು ಅಥವಾ ಹಿಪ್‌ಗಿಂತ 10 ಇಂಚು ಸಣ್ಣದಿದ್ದರೆ ಡಮರುಗದ ಆಕಾರ, 36-26-37 ಹೀಗೆ. ಅಷ್ಟು ವ್ಯತ್ಯಾಸ ಇಲ್ಲ, 38-35-39 ಇದೆ ಎಂದರೆ ಕಂಬದ ಆಕಾರ. ಸೊಂಟವೇ ಎದೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದನ್ನು ಸೇಬಿನ ಆಕಾರ ಎನ್ನುತ್ತಾರೆ.

ಸಿನಿಮಾ ಪೋಸ್ಟರ್‌ಗಳಲ್ಲಿ, ಬಟ್ಟೆ ಅಂಗಡಿಯ ಬೊಂಬೆಗಳಲ್ಲಿ ನಾವು ಕಾಣುವುದು ಡಮರುಗ ಒಂದನ್ನೇ. ಅದೇ ವಿಶ್ವವಿದ್ಯಾಲಯದವರು ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಳತೆಗೆ ಈ ಲೆಕ್ಕ ಹಾಕಿದಾಗ ನೂರರಲ್ಲಿ 46 ಮಂದಿ ಕಂಬದ ಆಕಾರದವರಿದ್ದರು. ಡಮರುಗದವರು ಬರೀ 8 ಮಂದಿ! ಹೀಗಿರುವಾಗ "ನನ್ನ ಮೈಯೇ ಸರಿ ಇಲ್ಲ" ಎಂಬ ಮಾತಿಗೆ ಅರ್ಥವಿದೆಯೇ? ಭುಜದ ಅಗಲ, ಹಿಪ್‌ನ ಮೂಳೆ ನಮ್ಮ ಅಮ್ಮ ಅಜ್ಜಿಯಿಂದ ಬಂದದ್ದು. ಅದನ್ನು ಉಪವಾಸ ಮಾಡಿ ಬದಲಿಸಲು ಆಗುವುದಿಲ್ಲ.

ಯಾರಿಗೆ ಯಾವುದು ಒಪ್ಪುತ್ತದೆ

ಹೂಜಿ ಆಕಾರದವರಿಗೆ ರೆಡಿಮೇಡ್ ಟಾಪ್ ಕೊಳ್ಳುವುದೇ ದೊಡ್ಡ ತಲೆನೋವು. ಎದೆಗೆ ಸರಿಯಾದದ್ದು ಹಿಪ್ ಹತ್ತಿರ ಬಿಗಿಯುತ್ತದೆ, ಹಿಪ್‌ಗೆ ಕೊಂಡರೆ ಭುಜ ಜೋತು ಬೀಳುತ್ತದೆ. ಭುಜ ಸರಿಪಡಿಸುವುದು ಕಷ್ಟದ ಕೆಲಸ, ಆದ್ದರಿಂದ ಭುಜಕ್ಕೆ ಸರಿಯಾಗುವುದನ್ನೇ ಆರಿಸಿ. ಕೆಳಗೆ ಅಗಲವಾಗುತ್ತಾ ಹೋಗುವ ಎ-ಲೈನ್ ಕುರ್ತಾ ಇವರಿಗೆ ಹೇಳಿ ಮಾಡಿಸಿದ ಹಾಗೆ. ನೇರ ಟಾಪ್ ಆದರೆ ಬದಿಯ ಸೀಳು ಹಿಪ್‌ನ ಅಗಲವಾದ ಜಾಗಕ್ಕಿಂತ ಮೇಲೆಯೇ ಶುರುವಾಗಲಿ. ಕುತ್ತಿಗೆಯ ಕಸೂತಿ, ತೋಳಿನ ಬಾರ್ಡರ್ ನೋಡುವವರ ಕಣ್ಣನ್ನು ಮೇಲಕ್ಕೆ ಎಳೆಯುತ್ತವೆ. ಬುಗುರಿ ಆಕಾರದವರಿಗೆ ಇದರ ವಿರುದ್ಧ: ಬುಗ್ಗೆ ತೋಳು ಬೇಡ, ಒಂದೇ ಬಣ್ಣದ ಗಾಢ ಬ್ಲೌಸ್, 'ವಿ' ಕುತ್ತಿಗೆ, ಕೆಳಗೆ ಅಂಚು ದೊಡ್ಡದಿರುವ ಸೀರೆ. ಇಳಕಲ್ ಸೀರೆಯ ಅಗಲ ಅಂಚು ಇವರಿಗೆ ಚೆನ್ನಾಗಿ ಕಾಣುತ್ತದೆ. ಕುಳ್ಳಗಿರುವವರು ಮಾತ್ರ ಸಣ್ಣ ಅಂಚು ಆರಿಸಿಕೊಂಡರೆ ಒಳ್ಳೆಯದು.

ಕಂಬದ ಆಕಾರದವರಿಗೆ ಹೆಚ್ಚು ಯೋಚನೆ ಬೇಕಿಲ್ಲ. ಟಾಪ್‌ಗೆ ಸೊಂಟದಲ್ಲಿ ಹಿಂದೆ ಕಟ್ಟುವ ಎರಡು ಪಟ್ಟಿ ಹೊಲಿದರೆ ಸಾಕು. ಸೇಬಿನ ಆಕಾರದವರು ಸೊಂಟದಲ್ಲಿ ಬಿಗಿಯುವುದನ್ನು ಬಿಟ್ಟು, ಎದುರಿಗೆ ಉದ್ದ ಪಟ್ಟಿ ಇರುವ ಸಡಿಲ ಕುರ್ತಾ ತೊಡಬಹುದು. ಸೀರೆಯ ನೆರಿಗೆ ಚಪ್ಪಟೆಯಾಗಿರಲಿ. ಗಂಜಿ ಹಾಕಿದ ದಪ್ಪ ಸೀರೆ ಹೊಟ್ಟೆಯನ್ನು ಇನ್ನೂ ದೊಡ್ಡದು ಮಾಡಿ ತೋರಿಸುತ್ತದೆ.

ಅಡ್ಡ ಗೆರೆ ಉಟ್ಟರೆ ದಪ್ಪ ಕಾಣುತ್ತೀರಿ ಎಂದು ಎಲ್ಲರೂ ಹೇಳ್ತಾರೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2011ರಲ್ಲಿ ಹಾಗೇನೂ ಇಲ್ಲವೆಂದು ಬರೆದರು. ಆದ್ದರಿಂದ ಗೆರೆಗೆ ಹೆದರಬೇಡಿ, ನಿಮಗೆ ಇಷ್ಟವಾದ ಸೀರೆ ಉಡಿ.

ಲಂಗದ ಲಾಡಿ, ಸೊಂಟದ ಅಳತೆ

ಸೀರೆ ಜಾರಬಾರದೆಂದು ಲಂಗದ ಲಾಡಿಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟುವವರು ನಮ್ಮಲ್ಲಿ ತುಂಬಾ ಮಂದಿ. ಸೊಂಟದಲ್ಲಿ ಕಪ್ಪು ಗೆರೆ ಬಿದ್ದಿರುತ್ತದೆ, ತುರಿಸುತ್ತದೆ, ಕೆಲವರಿಗೆ ಹುಣ್ಣೂ ಆಗುತ್ತದೆ. 2024ರಲ್ಲಿ ಭಾರತದ ವೈದ್ಯರು ಇಂತಹ ಹುಣ್ಣು ಗುಣವಾಗದೆ ಚರ್ಮದ ಕ್ಯಾನ್ಸರಿಗೆ ತಿರುಗಿದ ಇಬ್ಬರು ಹಿರಿಯ ಮಹಿಳೆಯರ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಇದು ಅಪರೂಪ, ಗಾಬರಿ ಬೇಡ. ಆದರೆ ದಾರದಂತಹ ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಯಿರಿ. ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಮಾಡಿ. ಮನೆಯಲ್ಲಿರುವಾಗ ಸಡಿಲ ಬಿಡಿ. ವಾಸಿಯಾಗದ ಹುಣ್ಣಿದ್ದರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ. ಮೂವತ್ತು ದಾಟಿದವರ ಫಾರಂ ತುಂಬುವಾಗ ಆಶಾ ಕಾರ್ಯಕರ್ತೆ ಸೊಂಟದ ಅಳತೆ ಕೇಳುತ್ತಾರೆ. ಅದು ಬಟ್ಟೆಗಲ್ಲ. ಹೊಟ್ಟೆಯ ಬೊಜ್ಜು ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆಗೆ ದಾರಿ ಮಾಡುತ್ತದೆ. ನಮ್ಮ ದೇಶದ ಮಹಿಳೆಯರಿಗೆ ಇಟ್ಟಿರುವ ಗಡಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು. ಈ ಅಳತೆಯನ್ನು ಕೊನೆಯ ಪಕ್ಕೆಲುಬಿಗೂ ಹಿಪ್ ಮೂಳೆಯ ಮೇಲ್ತುದಿಗೂ ನಡುವೆ ತೆಗೆಯಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರು "ನಾನೇನು ದಪ್ಪ ಇಲ್ಲವಲ್ಲ" ಎಂದು ಸುಮ್ಮನಿರಬಾರದು. ಗಡಿ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸಿಕೊಳ್ಳಿ. ಮೈಕಟ್ಟನ್ನು ಒಪ್ಪಿಕೊಳ್ಳುವುದು ಬೇರೆ, ರೋಗದ ಸುಳಿವನ್ನು ಕಡೆಗಣಿಸುವುದು ಬೇರೆ.

ಮುಂದಿನ ಸಭೆಗೆ

ಇಬ್ಬಿಬ್ಬರು ಜೊತೆಯಾಗಿ ಒಬ್ಬರದೊಬ್ಬರು ಅಳತೆ ತೆಗೆಯಿರಿ. ಅಂಕಿಗಳನ್ನು ಗಟ್ಟಿಯಾಗಿ ಓದುವುದು ಬೇಡ, ಅವರವರ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಳ್ಳಲಿ. ಗೇಲಿ ಮಾಡುವವರಿದ್ದರೆ ಪ್ರತಿನಿಧಿಗಳು ಅಲ್ಲೇ ತಡೆಯಬೇಕು. ಆಮೇಲೆ ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಿಮ್ಮ ಅಳತೆ ಬ್ಲೌಸ್ ಎಷ್ಟು ವರ್ಷ ಹಳೆಯದು? ಈಗಿನ ಅಳತೆಗೂ ಅದಕ್ಕೂ ಎಷ್ಟು ಇಂಚು ವ್ಯತ್ಯಾಸವಿದೆ?

2. ಕಳೆದ ವರ್ಷ ಕೊಂಡು ತೊಡದೆ ಇಟ್ಟ ಬಟ್ಟೆಗಳಿಗೆ ಎಷ್ಟು ಖರ್ಚಾಗಿದೆ? ಅವುಗಳಲ್ಲಿ ಬಿಚ್ಚಿ ಸರಿಪಡಿಸಬಹುದಾದವು ಯಾವುವು?

3. ನಮ್ಮ ಸಂಘದ ಹೊಲಿಗೆಯವರು ಪರದೆ ಕಟ್ಟಿ ಅಳತೆ ತೆಗೆಯಲು ಎಲ್ಲಿ ಜಾಗ ಮಾಡಿಕೊಡಬಹುದು?