ಶಿಶುಹೃದಯದಲ್ಲಿ ದಯಾಗುಣ

ದಯೆಯನ್ನು ಧರ್ಮದ ಬುಡವೆಂದು ಬಸವಣ್ಣನವರು ಸಾರಿದುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಈ ದಯೆಯು ಮನುಷ್ಯನಿಗೆ ಬರುವುದೆಲ್ಲಿಂದ? ಹಿರಿಯರ ಬೋಧೆಯಿಂದಲೋ, ದಂಡನೆಯ ಭಯದಿಂದಲೋ, ಅಥವಾ ಅದು ಸಹಜವಾದುದೋ? ಮಕ್ಕಳುಳ್ಳ ಗೃಹಸ್ಥರೆಲ್ಲರೂ ಇದನ್ನು ವಿಚಾರಿಸತಕ್ಕದ್ದು. ಏಕೆಂದರೆ ಉತ್ತರವು ಹೇಗೋ, ಮಗುವನ್ನು ಬೆಳೆಸುವ ಕ್ರಮವೂ ಹಾಗೆಯೇ ಆಗುವುದು.

ಶಿಶುವು ತನ್ನ ಹಸಿವು ನಿದ್ರೆಗಳನ್ನಲ್ಲದೆ ಬೇರೇನನ್ನೂ ಅರಿಯದು, ದಯೆಯನ್ನು ಹೊರಗಿನಿಂದಲೇ ತುಂಬಬೇಕು ಎಂಬುದೊಂದು ಪಕ್ಷ. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಾರ್ನೆಕೆನ್ ಮತ್ತು ತೊಮಸೆಲ್ಲೊ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಪಕ್ಷವನ್ನು ಅಲುಗಿಸಿತು. 18 ತಿಂಗಳಿನ 24 ಶಿಶುಗಳ ಎದುರಿಗೆ ಹಿರಿಯನೊಬ್ಬನು ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಕೈಜಾರಿ ಬೀಳಿಸಿ, ಎಟುಕದೆ ಕೈಚಾಚುವನು. ಎರಡು ಕೈಗಳೂ ತುಂಬಿರುವಾಗ ಮುಚ್ಚಿದ ಬೀರುವಿನ ಬಾಗಿಲನ್ನು ತೆರೆಯಲಾರದೆ ನಿಲ್ಲುವನು. ಯಾವ ಬಹುಮಾನವೂ ಇಲ್ಲದೆ 22 ಶಿಶುಗಳು ಒಂದಲ್ಲ ಒಂದು ಕಾರ್ಯದಲ್ಲಿ ನೆರವಾದುವು. ವಸ್ತುವನ್ನು ಅವನು ಬೇಕೆಂದೇ ಎಸೆದಾಗಲಾದರೋ ಅವು ಹಾಗೆ ಎತ್ತಿಕೊಡಲು ಹೋಗಲಿಲ್ಲ. ಆದುದರಿಂದ ಅದು ಬರಿಯ ಆಟವಲ್ಲ. ಪರರ ಅವಶ್ಯಕತೆಯನ್ನರಿತು ಮಾಡಿದ ಸಹಾಯ. ಉಪದೇಶವನ್ನು ಗ್ರಹಿಸುವ ವಯಸ್ಸಿಗೆ ಮುನ್ನವೇ ದಯೆಯು ಮೊಳೆತಿರುವುದೆಂದು ಇದರಿಂದ ತಿಳಿಯುವುದು.

ಮೊಳಕೆಯುಂಟಾದ ಮೇಲೆ ಹಿರಿಯರ ಕರ್ತವ್ಯವೇನು?

ಒಂದನೆಯದು, ಸಹಾಯಕ್ಕೆ ಬೆಲೆ ಕಟ್ಟದಿರುವುದು. ಅದೇ ವಿದ್ವಾಂಸರು 20 ತಿಂಗಳಿನ ಶಿಶುಗಳಲ್ಲಿ ಕೆಲವಕ್ಕೆ ನೆರವಾದಾಗಲೆಲ್ಲ ಆಟದ ವಸ್ತುವನ್ನು ಕೊಟ್ಟರು. ಕೆಲವನ್ನು ಮಾತಿನಿಂದ ಹೊಗಳಿದರು. ಕೆಲವಕ್ಕೆ ಏನನ್ನೂ ಕೊಡಲಿಲ್ಲ. ಅನಂತರ ನೋಡಲಾಗಿ, ವಸ್ತುವನ್ನು ಪಡೆದ ಶಿಶುಗಳೇ ಉಳಿದವುಗಳಿಗಿಂತ ಕಡಿಮೆ ನೆರವಾದುವು. ಇದು 2008ರಲ್ಲಿ ಪ್ರಕಟವಾದ ಫಲಿತಾಂಶ. ದಯೆಯು ಕೂಲಿಯಾದೊಡನೆ ಬಾಡಿತು. ಶರಣರು ದಾನಕ್ಕಿಂತ ದಾಸೋಹವನ್ನು ಮೇಲೆಂದುದರ ಮರ್ಮವೂ ಇದೇ. ದಾನದಲ್ಲಿ ಕೊಟ್ಟೆನೆಂಬ ಅಹಂಕಾರವು ನುಸುಳಬಹುದು. ದಾಸೋಹದಲ್ಲಿ ಕೊಡುವವನೇ ದಾಸನು, ಫಲಾಪೇಕ್ಷೆಗೆ ಅಲ್ಲಿ ಎಡೆಯಿಲ್ಲ. ನೀರು ತಂದುಕೊಟ್ಟ ಕೂಸಿಗೆ ಪ್ರತಿಸಲವೂ ಚಾಕೊಲೇಟು ಕೊಡುವ ತಾಯ್ತಂದೆಗಳು ಇದನ್ನು ಮನಗಾಣಬೇಕು.

ಎರಡನೆಯದು, ದಯೆಗೆ ಎಲ್ಲೆ ಕಟ್ಟದಿರುವುದು. ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಯನ್ನು ನೋಡಿರಿ. ಹಿಂದೆ ಹಳ್ಳಿಯಾಗಿದ್ದ ಈ ಊರು ವೈಟ್‌ಫೀಲ್ಡಿನ ಐಟಿ ಉದ್ಯಮದೊಡನೆ ಬೆಳೆದು, 2023ರ ಮಾರ್ಚಿಯಲ್ಲಿ ಮೆಟ್ರೋ ರೈಲನ್ನೂ ಪಡೆಯಿತು. ಇಲ್ಲಿ ಬಹುಮಹಡಿಯ ಮನೆಯಲ್ಲಿ ವಾಸಿಸುವವರ ಕೂಸೂ, ಮಹಡಿಗಳನ್ನು ಕಟ್ಟುವ ಕೂಲಿಕಾರರ ಕೂಸೂ ಒಂದೇ ಬೀದಿಯಲ್ಲಿ ಕಾಣಸಿಗುವುವು. ಎಡವಿ ಬಿದ್ದ ಮಗುವಿನ ಭಾಷೆ ಯಾವುದು, ಕುಲ ಯಾವುದು ಎಂದು ಎರಡು ವರ್ಷದ ಕೂಸು ಕೇಳದು. “ಅದರ ಹತ್ತಿರ ಹೋಗಬೇಡ” ಎಂದು ಹಿರಿಯರು ಕೈಹಿಡಿದೆಳೆದಾಗ ಭೇದವನ್ನು ಕಲಿಯುವುದು. ಬಂದವರನ್ನು ತಮ್ಮ ಮನೆಯವರೆಂದೇ ಭಾವಿಸಬೇಕೆಂಬುದು ಬಸವಣ್ಣನವರ ಉಪದೇಶ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳ ದಾಸೋಹವನ್ನು ನಡೆಸಿದುದು ಈ ಉಪದೇಶದ ಆಚರಣೆಯೇ ಸರಿ.

ಮೂರನೆಯದು, ಎಳೆಯ ಕೈಗಳಿಗೆ ಕಾಯಕವನ್ನು ಕೊಡುವುದು. ಕಸ ಗುಡಿಸಲು, ತಟ್ಟೆ ಹಾಕಲು ಕೂಸು ತಾನಾಗಿ ಬಂದಾಗ, ತಡವಾಗುವುದೆಂದು ಅದನ್ನು ಅತ್ತ ಸರಿಸುವುದುಂಟು. ನೀರು ಚೆಲ್ಲಿದರೆ ಒರೆಸಬಹುದು; ಸೇವೆಗೆ ಚಾಚಿದ ಕೈಯನ್ನು ಮತ್ತೆ ಮತ್ತೆ ತಳ್ಳಿದರೆ, ಅದು ಮುಂದೆ ಚಾಚದೆ ಹೋಗಬಹುದು.

ಆದಕಾರಣ ಮಗುವಿಗೆ ದಯೆಯನ್ನು ಬೋಧಿಸಲು ಹೊರಡುವ ಮುನ್ನ, ಅದರಲ್ಲಿ ಆಗಲೇ ಇರುವ ದಯೆಯನ್ನು ಹಿರಿಯರು ಗುರುತಿಸಲಿ. ಅದಕ್ಕೆ ಅಡ್ಡಬಾರದೆ, ತಮ್ಮ ನಡೆಯಿಂದ ನೀರೆರೆಯಲಿ.