ಕೂಸಿನ ಉಸಿರಿನ ಸದ್ದು

ಉಣ್ಣದೆ ನಾವು ಒಂದು ದಿನ ಇರಬಲ್ಲೆವು. ಉಸಿರಿಲ್ಲದೆ ಕೆಲವು ನಿಮಿಷಗಳೂ ಇರಲಾರೆವು. ಮೂಗಿನಿಂದ ಒಳಹೊಕ್ಕ ಗಾಳಿಯು ಧ್ವನಿಪೆಟ್ಟಿಗೆಯನ್ನು ದಾಟಿ, ಶ್ವಾಸನಾಳದ ಮೂಲಕ ಶ್ವಾಸಕೋಶಗಳನ್ನು ಸೇರುತ್ತದೆ. ಈ ನಾಳದ ಗೋಡೆಗೆ 16ರಿಂದ 20 ಮೃದ್ವಸ್ಥಿಯ ಪಟ್ಟಿಗಳು ಆಧಾರವಾಗಿವೆ. ಅವು ಕುದುರೆಯ ಲಾಳದಂತೆ ಹಿಂಬದಿಯಲ್ಲಿ ತೆರೆದಿರುತ್ತವೆ.

ಹುಟ್ಟಿದ ಕೂಸಿನ ಶ್ವಾಸನಾಳದ ಒಳ ಅಗಲ ಸುಮಾರು 4 ಮಿಲಿಮೀಟರು ಮಾತ್ರ. ಒಳಗೋಡೆಯು ಸುತ್ತಲೂ 1 ಮಿಲಿಮೀಟರು ಊದಿಕೊಂಡರೆ ಅಗಲವು ಅರ್ಧಕ್ಕಿಳಿಯುತ್ತದೆ. ಗಾಳಿಯ ದಾರಿಯಾದರೋ ಕಾಲುಭಾಗಕ್ಕಿಳಿಯುತ್ತದೆ. ವೃತ್ತದ ಕ್ಷೇತ್ರಫಲವನ್ನು ಕಲಿತ ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು.

ಹುಟ್ಟಿನಿಂದಲೇ ಈ ದಾರಿಯಲ್ಲಿ ದೋಷವಿರುವುದೂ ಉಂಟು. ಹೆಚ್ಚಾಗಿ ಕಾಣುವುದು ಧ್ವನಿಪೆಟ್ಟಿಗೆಯ ಮೇಲ್ಭಾಗದ ಅತಿ ಮೃದುತನ. ಉಸಿರೆಳೆದಾಗ ಆ ಭಾಗವು ಒಳಕ್ಕೆ ಕುಸಿದು ಕೀರಲು ಸದ್ದು ಬರುತ್ತದೆ. ಬಹುಮಟ್ಟಿಗೆ ಇದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಅಪರೂಪದ ದೋಷಗಳು ಹಾಗಲ್ಲ. ಕೆಲವು ಕೂಸುಗಳಲ್ಲಿ ಮೃದ್ವಸ್ಥಿಯು ಲಾಳದಂತಿರದೆ, ಬಳೆಯಂತೆ ಪೂರ್ಣವಾಗಿ ಸುತ್ತಿಕೊಂಡು ನಾಳವನ್ನು ಕಿರಿದಾಗಿಸುತ್ತದೆ. ಕೆಲವದರಲ್ಲಿ ಮೂಗಿನ ಹಿಂಭಾಗದ ದಾರಿಯು ಮುಚ್ಚಿರುತ್ತದೆ. ಎರಡು ಬದಿಯೂ ಮುಚ್ಚಿದ್ದರೆ ಕೂಸು ಹಾಲು ಕುಡಿಯುವಾಗ ನೀಲಿಗಟ್ಟಿ, ಅತ್ತಾಗ ಬಾಯಿಯಿಂದ ಉಸಿರೆಳೆದು ಮತ್ತೆ ಕೆಂಪೇರುತ್ತದೆ. ಇನ್ನು ಕೆಲವದರಲ್ಲಿ ಅನ್ನನಾಳವು ನಡುವೆ ಕಡಿದು, ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಇಂತಹ ಕೂಸು ಉಳಿಯುವುದು ಹಿಂದೆ ಬಲು ದುರ್ಲಭವಾಗಿತ್ತು. 1941ರಲ್ಲಿ ಅಮೆರಿಕದ ಕ್ಯಾಮೆರಾನ್ ಹೈಟ್ ಎಂಬ ಶಸ್ತ್ರವೈದ್ಯರು ಕಡಿದ ತುದಿಗಳನ್ನು ಜೋಡಿಸಿ ಕೂಸೊಂದನ್ನು ಉಳಿಸಿದರು. ಇಂದು ಬೇಗನೆ ಗುರುತಿಸಿದರೆ ಬಹುಪಾಲು ಕೂಸುಗಳು ಬದುಕುತ್ತವೆ.

ಬೇಗನೆ ಎಂಬುದೇ ಇಲ್ಲಿ ಮುಖ್ಯವಾದುದು. ಉಸಿರು ಸದ್ದು ಮಾಡಿದರೆ ದೃಷ್ಟಿಯೆಂದು ತಾಯಿತ ಕಟ್ಟುವುದು, ಹೊಟ್ಟೆಗೆ ಬರೆ ಹಾಕುವುದು, ಮೂಗಿಗೆ ಎಣ್ಣೆ ಬಿಡುವುದು ನಮ್ಮ ಹಳ್ಳಿಗಳು ಕಾಣದ ಸಂಗತಿಗಳಲ್ಲ. ಬರೆಯಿಂದ ನಾಳವು ಅಗಲವಾಗದು. ಎಣ್ಣೆಯು ಶ್ವಾಸಕೋಶಕ್ಕಿಳಿದು ಹೊಸ ರೋಗವನ್ನು ತರುವುದು. ತುಟಿ ನೀಲಿಗಟ್ಟಿದರೆ, ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಗೆ ಗುಳಿಬಿದ್ದರೆ, ಉಸಿರು ನಡುನಡುವೆ ನಿಂತರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಹಾಲು ಕುಡಿಯಲಾರದೆ ತೂಕ ಏರದಿದ್ದರೂ ವೈದ್ಯರಿಗೆ ತೋರಿಸಬೇಕು. ನಮ್ಮ ಸೂಳಗಿರಿಯು ಹೊಸೂರು–ಕೃಷ್ಣಗಿರಿ ಹೆದ್ದಾರಿಯ ಮೇಲಿದೆ. ಕೃಷ್ಣಗಿರಿಯಲ್ಲಿ 2022ರಲ್ಲಿ ಉದ್ಘಾಟನೆಗೊಂಡ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ.

ಕೂಸನ್ನು ಎತ್ತಿ ಆಡಿಸುವ ಅಣ್ಣ ಅಕ್ಕಂದಿರೂ ಇದರಲ್ಲಿ ನೆರವಾಗಬಲ್ಲರು. ಸದ್ದು ಬರುವುದು ಉಸಿರೆಳೆಯುವಾಗಲೋ ಬಿಡುವಾಗಲೋ, ಹಾಲು ಕುಡಿಯುವಾಗಲೋ ನಿದ್ರೆಯಲ್ಲೋ ಎಂಬುದನ್ನು ಗಮನಿಸಿ ಹಿರಿಯರಿಗೆ ತಿಳಿಸಲಿ. ಎಳೆಯುವಾಗಿನ ಸದ್ದು ಸಾಮಾನ್ಯವಾಗಿ ಧ್ವನಿಪೆಟ್ಟಿಗೆಯ ಬಳಿಯ ದೋಷವನ್ನೂ, ಬಿಡುವಾಗಿನ ಸದ್ದು ಅದಕ್ಕಿಂತ ಕೆಳಗಿನ ದೋಷವನ್ನೂ ಸೂಚಿಸುವುದು. ಮಾತು ಬಾರದ ಕೂಸಿನ ಪರವಾಗಿ ವೈದ್ಯರಿಗೆ ಹೇಳಬೇಕಾದವರು ನಾವೇ ಅಲ್ಲವೇ?